ಲಾಭ ತೋರಿಸ್ತೀರಾ, ದುಡ್ಡು ಕೇಳಿದ್ರೆ ಇಲ್ಲ ಅಂತೀರಾ!

"ಮೇಡಂ, ಈ ತಿಂಗಳು ಇಷ್ಟು ಲಕ್ಷ ಲಾಭ ಅಂತ ಶೀಟ್‌ನಲ್ಲಿ ತೋರಿಸ್ತೀರಾ. ಒಂದು ಬಾಕ್ಸ್ ಇನ್ಸರ್ಟ್ ತರಿಸಿ ಅಂದ್ರೆ ದುಡ್ಡಿಲ್ಲ ಅಂತೀರಾ. ಇದರಲ್ಲಿ ಯಾವುದು ನಿಜ?"

ಎರಡೂ ನಿಜ. ಆದರೆ ಹಾಗಂತ ಹೇಳಿ ಸುಮ್ಮನಾದರೆ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಆಗಲೂಬಾರದು.

ನಾನು ಪೀಣ್ಯದ ಒಂದು ಮಷಿನಿಂಗ್ ಯೂನಿಟ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಗಾಡಿಗಳಿಗೆ, ಪಂಪುಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ ನಮ್ಮದು. ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ಟೂಲಿನ ತುದಿಗೆ ಹಾಕುವ ಬಿಡಿ ಅಲಗು. ಸೂಪರ್‌ವೈಸರ್ ಆಗಿದ್ದವರು ಮ್ಯಾನೇಜರ್ ಆದಾಗ ನಮ್ಮ ಮಾಲೀಕರು ಅವರನ್ನು ನನ್ನ ಟೇಬಲ್‌ಗೆ ಕಳಿಸುತ್ತಾರೆ. "ಮೇಡಂ ಹತ್ರ ಸ್ವಲ್ಪ ಲೆಕ್ಕ ತಿಳ್ಕೊಳಿ" ಅಂತ. ಮೇಲಿನ ಪ್ರಶ್ನೆ ಇವರದೇ. ಐಟಿಐ ಓದಿದವರು, ಡಿಪ್ಲೊಮಾ ಮಾಡಿದವರು, ಕೆಲವರು ಬಿ.ಇ. ಇವರಿಗೆ ಲೆಕ್ಕ ಬರಲ್ಲ ಅನ್ನುವ ಮಾತೇ ಇಲ್ಲ. ದಿನವಿಡೀ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಜನ. ನಾವು ಅಕೌಂಟ್ಸ್‌ನವರೇ ಅವರಿಗೆ ಬೇಡದ ಕಡೆಯಿಂದ ಪಾಠ ಶುರು ಮಾಡುತ್ತೇವೆ. ಡೆಬಿಟ್ ಅಂದ್ರೆ ಏನು, ಜರ್ನಲ್ ಎಂಟ್ರಿ ಹೇಗೆ ಹಾಕೋದು ಅಂತ ಹಿಡಿದು ಕೂರಿಸುತ್ತೇವೆ. ಎರಡು ದಿನ ಬಂದು ಮೂರನೇ ದಿನ ಅವರು ನಾಪತ್ತೆ.

ನಾನು ಅವರಿಗೆ ಹೇಳುವ ಮಾತು ಒಂದೇ. ಬ್ಯಾಲೆನ್ಸ್ ಶೀಟ್ ಬರೆಯುವವರು ನಾವಿರಬಹುದು, ಆದರೆ ಅದರೊಳಗಿನ ಅಂಕಿ ಹುಟ್ಟುವುದು ನಿಮ್ಮ ಕೈಯಲ್ಲಿ. ಸ್ಟೀಲ್ ಯಾವತ್ತು ತರಿಸಬೇಕು, ಮಷಿನ್ ಒಮ್ಮೆ ಸೆಟ್ ಮಾಡಿದರೆ ಎಷ್ಟು ಪೀಸ್ ಹೊಡೆಯಬೇಕು, ಯಾವ ಗಿರಾಕಿಗೆ ಎಷ್ಟು ದಿನ ಉದ್ರಿ ಒಪ್ಪಿಕೊಳ್ಳಬೇಕು, ಇದನ್ನೆಲ್ಲ ತೀರ್ಮಾನ ಮಾಡುವವರು ನೀವು. ತಿಂಗಳ ಕೊನೆಗೆ ನಾನು ಅದನ್ನೇ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಹಾಕುತ್ತೇನೆ. ಹಾಗಿದ್ದಮೇಲೆ ಆ ಅಂಕಿಗಳನ್ನು ಓದುವುದು ನಿಮಗೆ ಬರಲೇಬೇಕು, ಅಲ್ವಾ?

ನಮ್ಮ ಯೂನಿಟ್‌ನ ಅಂಕಿ ಇಲ್ಲಿ ಹಾಕಲು ಆಗುವುದಿಲ್ಲ. ನಾನು ಪಾಠಕ್ಕೆ ಅಂತಲೇ ಇಟ್ಟುಕೊಂಡಿರುವ ಒಂದು ಕಾಲ್ಪನಿಕ ಯೂನಿಟ್ ಇದೆ, ಅದನ್ನೇ ಬಳಸುತ್ತೇನೆ. ತಿಂಗಳಿಗೆ 50 ಲಕ್ಷ ಮಾರಾಟ, ಜಿಎಸ್‌ಟಿ ಬಿಟ್ಟು. ಅದರಲ್ಲಿ ಸ್ಟೀಲ್‌ಗೆ 28 ಲಕ್ಷ, ಕರೆಂಟಿಗೆ 3 ಲಕ್ಷ, ಟೂಲ್ಸ್‌ಗೆ 2 ಲಕ್ಷ, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಅಂತ ಹೊರಗೆ ಮಾಡಿಸುವ ಜಾಬ್ ವರ್ಕ್‌ಗೆ 2 ಲಕ್ಷ. ಒಟ್ಟು 35 ಲಕ್ಷ. ಈ ಖರ್ಚು ಕೆಲಸ ಜಾಸ್ತಿಯಾದರೆ ಏರುತ್ತದೆ, ಕಮ್ಮಿಯಾದರೆ ಇಳಿಯುತ್ತದೆ. ಇನ್ನು ಸಂಬಳ 8 ಲಕ್ಷ, ಬಾಡಿಗೆ ಇತ್ಯಾದಿ 2 ಲಕ್ಷ, ಬ್ಯಾಂಕ್ ಬಡ್ಡಿ 1 ಲಕ್ಷ, ಮಷಿನ್ ಸವಕಳಿ ಒಂದೂವರೆ ಲಕ್ಷ. ಇದು ಹನ್ನೆರಡೂವರೆ ಲಕ್ಷ. ಆರ್ಡರ್ ಇರಲಿ, ಬಿಡಲಿ, ಇದು ಬಿದ್ದೇ ಬೀಳುವ ಖರ್ಚು. 50 ಲಕ್ಷದಲ್ಲಿ ಇವೆರಡನ್ನೂ ಕಳೆದರೆ ಎರಡೂವರೆ ಲಕ್ಷ ಉಳಿಯುತ್ತದೆ. ಅದು ಲಾಭ, ಮಾರಾಟದ ಶೇ. 5.

ಖರ್ಚನ್ನು ಹೀಗೆ ಎರಡು ಭಾಗ ಮಾಡಿ ನೋಡುವ ಅಭ್ಯಾಸ ಬಂದರೆ ಅರ್ಧ ಪಾಠ ಮುಗಿದ ಹಾಗೆ. 50 ಲಕ್ಷದಲ್ಲಿ 35 ಲಕ್ಷ ಕಳೆದರೆ 15 ಲಕ್ಷ. ಇದನ್ನು ಕಾಂಟ್ರಿಬ್ಯೂಷನ್ ಅನ್ನುತ್ತಾರೆ. ಅಂದರೆ ನೂರು ರೂಪಾಯಿ ಮಾರಿದರೆ 30 ರೂಪಾಯಿ ಆ ಹನ್ನೆರಡೂವರೆ ಲಕ್ಷ ತುಂಬಲು ಹೋಗುತ್ತದೆ. ತುಂಬಿದ ಮೇಲೆ ಬರುವುದೆಲ್ಲ ಲಾಭ. ಹನ್ನೆರಡೂವರೆ ಲಕ್ಷ ತುಂಬಲು ಎಷ್ಟು ಮಾರಬೇಕು? ಸುಮಾರು 41 ಲಕ್ಷ 67 ಸಾವಿರ. 50ರಿಂದ 42ಕ್ಕೆ ಮಾರಾಟ ಇಳಿದರೆ ಲಾಭ ಹೆಚ್ಚುಕಮ್ಮಿ ಪೂರ್ತಿ ಹೋಯಿತು ಅಂತ ಅರ್ಥ. ಒಂದು ದೊಡ್ಡ ಗಿರಾಕಿ ಎರಡು ವಾರ ತನ್ನ ಪ್ರೊಡಕ್ಷನ್ ಲೈನ್ ನಿಲ್ಲಿಸಿದರೆ ಸಾಕು.

ಮಾರ್ಕೆಟಿಂಗ್‌ನವರಿಗೆ ಇದೇ ಶೀಟ್‌ನಲ್ಲಿ ಇನ್ನೊಂದು ಲೆಕ್ಕ ತೋರಿಸುತ್ತೇನೆ. ಗಿರಾಕಿ "ಬರೀ ಎರಡು ಪರ್ಸೆಂಟ್ ಕಮ್ಮಿ ಮಾಡ್ಕೊಳಿ" ಅನ್ನುತ್ತಾನೆ. ಕೇಳಲು ಸಣ್ಣದು. ಆದರೆ 50 ಲಕ್ಷದ ಶೇ. 2 ಅಂದರೆ 1 ಲಕ್ಷ. ಸ್ಟೀಲ್ ದರ ಇಳಿದಿಲ್ಲ, ಸಂಬಳ ಇಳಿದಿಲ್ಲ. ಆ 1 ಲಕ್ಷ ಪೂರ್ತಿ ಹೋಗುವುದು ಎರಡೂವರೆ ಲಕ್ಷ ಲಾಭದಿಂದಲೇ. ರೇಟಿನಲ್ಲಿ ಶೇ. 2 ಬಿಟ್ಟರೆ ಲಾಭದಲ್ಲಿ ಶೇ. 40 ಹೋಯಿತು. ಇದನ್ನು ಒಮ್ಮೆ ಕೈಯಾರೆ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿದ ಮ್ಯಾನೇಜರ್ ಮುಂದೆ ಫೋನಿನಲ್ಲಿ ಹಾಗೇ ಹೂಂ ಅಂದುಬಿಡುವುದಿಲ್ಲ.

ಹಾಗಂತ ಕಮ್ಮಿ ರೇಟಿನ ಕೆಲಸ ತಗೊಳ್ಳಲೇಬಾರದು ಅಂತಲ್ಲ. ಮಷಿನ್ ಖಾಲಿ ಕೂತಿದ್ದರೆ, ಮೆಟೀರಿಯಲ್, ಕರೆಂಟು, ಟೂಲು ಕಳೆದು ಏನಾದರೂ ಉಳಿಯುವ ಕೆಲಸ ಆ ತಿಂಗಳ ಮಟ್ಟಿಗೆ ಒಳ್ಳೆಯದೇ. ತೊಂದರೆ ಏನು ಅಂದರೆ, ಆ ತಿಂಗಳ ರೇಟೇ ಗಿರಾಕಿಗೆ ಮುಂದಿನ ವರ್ಷದ ಮೂಲ ರೇಟ್ ಆಗಿಬಿಡುತ್ತದೆ. ಮಷಿನ್ ತುಂಬಿದ ಮೇಲೂ ಅದೇ ದರಕ್ಕೆ ಹೊಡೆಯುತ್ತಾ ಕೂರಬೇಕು.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಲಾಭ ಇದೆ, ದುಡ್ಡೆಲ್ಲಿ?

ಲಾಭ-ನಷ್ಟದ ಪಟ್ಟಿಯಲ್ಲಿ ಮಾರಾಟ ಬರೆಯುವುದು ದುಡ್ಡು ಬಂದ ದಿನ ಅಲ್ಲ, ಮಾಲು ಗಿರಾಕಿಯದಾದ ದಿನ. ನಮ್ಮಂಥ ಕಡೆ ಅಂದರೆ ಇನ್‌ವಾಯ್ಸ್ ಹಾಕಿ ಗಾಡಿ ಗೇಟ್ ದಾಟಿದ ದಿನ. ಕಂಪನಿಗಳು ಹೀಗೇ ಲೆಕ್ಕ ಇಡಬೇಕು ಅಂತ 2013ರ ಕಂಪನಿ ಕಾನೂನಿನಲ್ಲೇ ಇದೆ. ಇದರಲ್ಲಿ ಮೋಸ ಏನಿಲ್ಲ. ಕೆಲಸ ಈ ತಿಂಗಳು ಮಾಡಿದ್ದೇವೆ, ಅದಕ್ಕೆ ಖರ್ಚೂ ಈ ತಿಂಗಳು ಆಗಿದೆ, ಎರಡನ್ನೂ ಪಕ್ಕಪಕ್ಕ ಇಟ್ಟರೇ ಲಾಭವೋ ನಷ್ಟವೋ ತಿಳಿಯುವುದು. ಆದರೆ ಬ್ಯಾಂಕಿಗೆ ದುಡ್ಡು ಬರುವ ದಿನ ಬೇರೆಯೇ ಇರುತ್ತದೆ.

ನನ್ನ ಪಾಠದ ಯೂನಿಟ್‌ಗೆ ಒಂದು ಹೊಸ ಆರ್ಡರ್ ಬಂತು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 10 ಲಕ್ಷದ ಕೆಲಸ. ಮೆಟೀರಿಯಲ್ 5 ಲಕ್ಷ 60 ಸಾವಿರ. ಕರೆಂಟು, ಟೂಲು, ಜಾಬ್ ವರ್ಕ್, ಓವರ್‌ಟೈಮ್ ಎಲ್ಲ ಸೇರಿ 2 ಲಕ್ಷ. ಉಳಿಯುವುದು 2 ಲಕ್ಷ 40 ಸಾವಿರ. ಅಂದರೆ ಯೂನಿಟ್‌ನ ಲಾಭ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಯಾರಾದರೂ ಕುಣಿದಾಡುವ ಆರ್ಡರ್.

ಈಗ ತಾರೀಖು ಹಾಕಿಕೊಂಡು ನೋಡೋಣ. ಇದನ್ನು ನಾನು ಎ4 ಹಾಳೆಯ ಮೇಲೆ ನಾಲ್ಕು ತಿಂಗಳ ಗೆರೆ ಎಳೆದು ಮ್ಯಾನೇಜರ್ ಕೈಗೇ ಪೆನ್ಸಿಲ್ ಕೊಟ್ಟು ಬರೆಸುತ್ತೇನೆ. ಮೊದಲ ತಿಂಗಳ ಒಂದನೇ ತಾರೀಖು ಸ್ಟೀಲ್ ಬರುತ್ತದೆ. ಸ್ಟೀಲ್ ಅಂಗಡಿಯವರು ಕೊಡುವುದು 30 ದಿನದ ಉದ್ರಿ. ತಿಂಗಳಿಡೀ ಮಷಿನಿಂಗ್, ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್. ತಿಂಗಳ ಕೊನೆಗೆ ಡಿಸ್ಪ್ಯಾಚ್. ಗಿರಾಕಿ ದುಡ್ಡು ಕೊಡುವುದು 75 ದಿನಕ್ಕೆ. ಅಂದರೆ ಮೊದಲ ತಿಂಗಳ ಮಾಲಿನ ದುಡ್ಡು ಬರುವುದು ನಾಲ್ಕನೇ ತಿಂಗಳ ಮಧ್ಯದಲ್ಲಿ.

ಅಷ್ಟರೊಳಗೆ ಏನೆಲ್ಲ ಹೋಗಿರುತ್ತದೆ? ಮೂರು ತಿಂಗಳ ಸ್ಟೀಲ್ ಬಿಲ್. ಒಂದೊಂದೂ ಶೇ. 18 ಜಿಎಸ್‌ಟಿ ಸೇರಿ 6 ಲಕ್ಷ 60 ಸಾವಿರದ ಆಸುಪಾಸು. ಮೂರಕ್ಕೆ 19 ಲಕ್ಷ 80 ಸಾವಿರ. ಉಳಿದ ಖರ್ಚು ಮೂರೂವರೆ ತಿಂಗಳದ್ದು 7 ಲಕ್ಷ. ಆಮೇಲೆ ಜಿಎಸ್‌ಟಿ. ಇದನ್ನು ಎಲ್ಲರೂ ಮರೆಯುತ್ತಾರೆ. ಗಿರಾಕಿ ದುಡ್ಡು ಕೊಟ್ಟಿರಲಿ, ಬಿಡಲಿ, ಇನ್‌ವಾಯ್ಸ್ ಹಾಕಿದ ತಿಂಗಳ ತೆರಿಗೆಯನ್ನು ಮುಂದಿನ ತಿಂಗಳು 20ನೇ ತಾರೀಖಿನೊಳಗೆ ರಿಟರ್ನ್ ಜೊತೆ ಕಟ್ಟಬೇಕು. ಸ್ಟೀಲ್ ಮೇಲೆ ಕಟ್ಟಿದ್ದನ್ನು ಕಳೆದರೂ ತಿಂಗಳಿಗೆ ಸುಮಾರು 79 ಸಾವಿರ ಉಳಿಯುತ್ತದೆ. ಎರಡು ಸಲ ಕಟ್ಟಿರುತ್ತೇವೆ. ಎಲ್ಲ ಕೂಡಿದರೆ 28 ಲಕ್ಷದ ಮೇಲೆ.

ಅದೇ ಹೊತ್ತಿಗೆ ಲಾಭ-ನಷ್ಟದ ಪಟ್ಟಿ ಏನು ಹೇಳುತ್ತಿರುತ್ತದೆ? ಮೂರು ತಿಂಗಳ ಮಾರಾಟ 30 ಲಕ್ಷ, ಅದರಲ್ಲಿ ಉಳಿದದ್ದು 7 ಲಕ್ಷ 20 ಸಾವಿರ. ಪಟ್ಟಿಯಲ್ಲಿ ಏಳು ಲಕ್ಷ ಮೇಲೆ, ಬ್ಯಾಂಕಿನಲ್ಲಿ ಇಪ್ಪತ್ತೆಂಟು ಲಕ್ಷ ಕೆಳಗೆ. ಒಂದೇ ಆರ್ಡರ್, ಒಂದೇ ದಿನ.

ಪೆನ್ಸಿಲ್ ಹಿಡಿದವರು ಇಲ್ಲಿಗೆ ಬಂದಾಗ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆಮೇಲೆ ಕೇಳುವ ಪ್ರಶ್ನೆ ಬಹಳ ಒಳ್ಳೆಯದು: "ಹಾಗಾದ್ರೆ ಆ ದುಡ್ಡು ಈಗ ಎಲ್ಲಿದೆ ಮೇಡಂ?" ಆಗ ನಾನು ಬ್ಯಾಲೆನ್ಸ್ ಶೀಟ್ ತೆಗೆಯುತ್ತೇನೆ. ಅದಕ್ಕಿಂತ ಮೊದಲು ತೆಗೆದರೆ ಅದು ಬರೀ ಕಾಗದ.

ಬ್ಯಾಲೆನ್ಸ್ ಶೀಟ್ ಎರಡೇ ವಿಷಯ ಹೇಳುತ್ತದೆ. ದುಡ್ಡು ಎಲ್ಲಿಂದ ಬಂತು, ಈಗ ಎಲ್ಲಿ ಕೂತಿದೆ. ಮಾಲೀಕರು ಹಾಕಿದ ಬಂಡವಾಳ, ಹಿಂದಿನ ವರ್ಷಗಳ ಲಾಭದಲ್ಲಿ ತೆಗೆಯದೆ ಬಿಟ್ಟದ್ದು, ಬ್ಯಾಂಕ್ ಸಾಲ, ಸ್ಟೀಲ್ ಅಂಗಡಿಯವರಿಗೆ ಕೊಡಬೇಕಾದ ಬಾಕಿ, ಇಷ್ಟು ಬಂದ ದಾರಿ. ಕಟ್ಟಡ, ಮಷಿನ್, ದಾಸ್ತಾನು, ಗಿರಾಕಿಗಳಿಂದ ಬರಬೇಕಾದ ಬಾಕಿ, ಬ್ಯಾಂಕಿನಲ್ಲಿರುವ ನಗದು, ಇಷ್ಟು ಕೂತ ಜಾಗ. ಬಂದದ್ದಷ್ಟೂ ಎಲ್ಲೋ ಒಂದು ಕಡೆ ಕೂತಿರಲೇಬೇಕು, ಹಾಗಾಗಿ ಎರಡೂ ಕಡೆ ಮೊತ್ತ ಒಂದೇ. ನಮ್ಮ ಹೊಸ ಆರ್ಡರ್‌ನ ದುಡ್ಡು ಗಿರಾಕಿ ಬಾಕಿಯ ಸಾಲಿನಲ್ಲಿದೆ. ಮೂರು ಇನ್‌ವಾಯ್ಸ್, ಜಿಎಸ್‌ಟಿ ಸೇರಿ 35 ಲಕ್ಷ 40 ಸಾವಿರ. ನಮ್ಮ ಮಾಲು ಅವರ ಲೈನಿನಲ್ಲಿ ಫಿಟ್ ಆಗಿ, ಗಾಡಿಯಾಗಿ, ಶೋರೂಮಿಗೂ ಹೋಗಿರಬಹುದು. ದುಡ್ಡು ಮಾತ್ರ ಇನ್ನೂ ನಮ್ಮ ಪುಸ್ತಕದಲ್ಲಿ ಬರೀ ಹೆಸರಾಗಿ ಕೂತಿದೆ.

ಈ ಆರ್ಡರ್ ಬೇಡ ಅನ್ನಬೇಕಾ? ಖಂಡಿತ ಇಲ್ಲ. ಆದರೆ ಆರ್ಡರ್ ಒಪ್ಪಿಕೊಳ್ಳುವ ದಿನವೇ 28 ಲಕ್ಷ ಎಲ್ಲಿಂದ ಅಂತ ಕೇಳಬೇಕು. ನಾಲ್ಕನೇ ತಿಂಗಳು ಸಂಬಳದ ಹಿಂದಿನ ದಿನ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಬ್ಯಾಂಕ್ ಇದೆಯಲ್ಲ ಅನ್ನುತ್ತಾರೆ. ಇದೆ. ಸಣ್ಣ ಕೈಗಾರಿಕೆಗೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರಷ್ಟು ವರ್ಕಿಂಗ್ ಕ್ಯಾಪಿಟಲ್ ಲಿಮಿಟ್, ಅಂದರೆ ದಿನನಿತ್ಯದ ವ್ಯವಹಾರಕ್ಕೆ ತೆಗೆಯಬಹುದಾದ ಸಾಲದ ಮಿತಿ, ಕೊಡುವ ಪದ್ಧತಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಕಾಲದಿಂದ ಇದೆ. ವರ್ಷಕ್ಕೆ 6 ಕೋಟಿ ವಹಿವಾಟಿದ್ದರೆ 1 ಕೋಟಿ 20 ಲಕ್ಷ. ಆದರೆ ಲಿಮಿಟ್ ಇದೆ ಅಂದ ಮಾತ್ರಕ್ಕೆ ಅಷ್ಟೂ ತೆಗೆಯಲು ಬಿಡುವುದಿಲ್ಲ. ಪ್ರತಿ ತಿಂಗಳು ನಾನು ಸ್ಟಾಕ್ ಸ್ಟೇಟ್‌ಮೆಂಟ್ ಕಳಿಸಬೇಕು. ದಾಸ್ತಾನು ಎಷ್ಟು, ಗಿರಾಕಿ ಬಾಕಿ ಎಷ್ಟು, ನಾವು ಕೊಡಬೇಕಾದ್ದು ಎಷ್ಟು. ಅದರ ಮೇಲೆ ಮಾರ್ಜಿನ್ ಅಂತ ಒಂದು ಪಾಲು ಕಳೆದು ಡ್ರಾಯಿಂಗ್ ಪವರ್, ಅಂದರೆ ಸದ್ಯಕ್ಕೆ ನಾವು ಎಷ್ಟು ತೆಗೆಯಬಹುದು ಅನ್ನುವ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅಂದರೆ ಗಿರಾಕಿ ತಡ ಮಾಡಿದರೆ ಎರಡು ಏಟು. ಅವರ ದುಡ್ಡೂ ಬರಲಿಲ್ಲ, ಅದನ್ನು ತೋರಿಸಿ ಬ್ಯಾಂಕಿನಿಂದ ತೆಗೆಯಲೂ ಆಗಲಿಲ್ಲ. ಪ್ರೊಡಕ್ಷನ್‌ನವರಿಗೆ ಡ್ರಾಯಿಂಗ್ ಪವರ್ ಅನ್ನುವ ಹೆಸರೇ ಗೊತ್ತಿರುವುದಿಲ್ಲ. ಅವರ ಇನ್ಸರ್ಟ್ ಬಾಕ್ಸ್ ನಿಂತಿರುವುದು ಬಹಳ ಸಲ ಅಲ್ಲೇ.

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ದಿನದ ಜಮಾ-ಖರ್ಚಿನ ಕಿರ್ದಿ ಒಂದು, ಹೆಸರುವಾರು ಖಾತೆ ಒಂದು. ಸಂಜೆ ಪೆಟ್ಟಿಗೆಯ ನಗದು ಎಣಿಸಿ ಕಿರ್ದಿಗೆ ತಾಳೆ ನೋಡದೆ ಅವರು ಎದ್ದವರಲ್ಲ. ಆಮೇಲೆ ಖಾತೆ ಪುಸ್ತಕ ತಿರುವಿ, ಯಾರ ಹಾಳೆಯಲ್ಲಿ ಬಾಕಿ ಬೆಳೆಯುತ್ತಾ ಜಮೆ ಕಾಣುತ್ತಿಲ್ಲ ಅಂತ ನೋಡಿ ಸಾಹುಕಾರರಿಗೆ ಹೇಳುತ್ತಿದ್ದರು. ಅವರು ಕಣ್ಣಿನಲ್ಲಿ ಮಾಡುತ್ತಿದ್ದ ಆ ಕೆಲಸ ಇವತ್ತು ಟ್ಯಾಲಿಯಲ್ಲಿ ಏಜಿಂಗ್ ರಿಪೋರ್ಟ್ ಅಂತ ಬರುತ್ತದೆ. ಯಾರ ಬಾಕಿ ಎಷ್ಟು ದಿನದ್ದು ಅನ್ನುವ ಪಟ್ಟಿ. ಯಾವ ಮ್ಯಾನೇಜರ್ ಆದರೂ ಸರಿ, ತಿಂಗಳಿಗೊಮ್ಮೆ ಒಂದೇ ಒಂದು ರಿಪೋರ್ಟ್ ನೋಡಲು ಸಮಯ ಇದ್ದರೆ ಇದನ್ನು ನೋಡಿ ಅನ್ನುತ್ತೇನೆ ನಾನು.

ಇನ್ನು ದಾಸ್ತಾನು. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ಮಾರ್ಚ್ 31ಕ್ಕೆ ಸ್ಟಾಕ್ ಎಣಿಸುವಾಗ ಹೊಸ ಮ್ಯಾನೇಜರ್‌ಗಳನ್ನು ಜೊತೆಗೇ ಕರೆದುಕೊಂಡು ಹೋಗುತ್ತೇನೆ. ಕೈಯಲ್ಲಿ ಪ್ಯಾಡ್, ಕಿವಿಯಲ್ಲಿ ಪೆನ್ನು. ರ‍್ಯಾಕಿನ ಮೇಲಿನ ಸಾಲಿನಿಂದ ಶುರು. ಒಂದು ನೀಲಿ ಬಿನ್ ಇಳಿಸಿದೆವು. ಮೇಲೆ ಧೂಳು, ಒಳಗೆ ತುಕ್ಕು ಹಿಡಿಯದಿರಲು ಹಾಕುವ ಎಣ್ಣೆ ಬಳಿದ ಬುಶ್‌ಗಳು, ಅಂದರೆ ಬಳೆಯಂಥ ಬಿಡಿಭಾಗಗಳು. ಪಾಲಿಥಿನ್ ಬಿಚ್ಚಿದರೆ ಹೊಸದರ ಹಾಗೇ ಹೊಳೆಯುತ್ತಿದ್ದವು. ಟ್ಯಾಗ್ ಮೇಲೆ ಪಾರ್ಟ್ ನಂಬರ್, ಅದರ ಪಕ್ಕ ರೆವಿಷನ್ ಬಿ, ಅಂದರೆ ಡ್ರಾಯಿಂಗಿನ ಬಿ ಆವೃತ್ತಿ, ಅಂತ ಬರೆದಿತ್ತು. ಕ್ವಾಲಿಟಿಯ ಹುಡುಗ ಪಕ್ಕದಲ್ಲೇ ಇದ್ದ. "ಮೇಡಂ, ಈಗ ರೆವಿಷನ್ ಸಿ ನಡೀತಾ ಇದೆ. ಗ್ರೂವ್ ಜಾಗ ಬದಲಾಗಿದೆ. ಇದನ್ನ ಅವರು ತಗೊಳ್ಳಲ್ಲ" ಅಂದ. ಎಣಿಸಿದರೆ 1,400 ಪೀಸ್.

ಆರ್ಡರ್ ಇದ್ದದ್ದಕ್ಕಿಂತ ಜಾಸ್ತಿ ಯಾಕೆ ಹೊಡೆದಿದ್ದರು? ಕಾರಣ ಇತ್ತು. ಸೆಟ್ಟಿಂಗ್‌ಗೆ ಅರ್ಧ ಶಿಫ್ಟ್ ಹೋಗುತ್ತದೆ, ಹೇಗೂ ಸೆಟ್ ಆಗಿದೆ, ಮುಂದಿನ ತಿಂಗಳಿಗೂ ಆಗಲಿ ಅಂತ ಓಡಿಸಿದ್ದಾರೆ. ಮಷಿನ್ ನಿಲ್ಲಬಾರದು ಅನ್ನುವುದು ಶಾಪ್ ಫ್ಲೋರಿನಲ್ಲಿ ದೊಡ್ಡ ನಿಯಮ. ತಪ್ಪಲ್ಲ. ಆದರೆ ಅಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ಮಾರಾಟವಾಗದ ಪೀಸಿನ ಖರ್ಚು ಆ ತಿಂಗಳ ಲಾಭ-ನಷ್ಟಕ್ಕೆ ಬರುವುದೇ ಇಲ್ಲ. ಅದು ದಾಸ್ತಾನಾಗಿ ಬ್ಯಾಲೆನ್ಸ್ ಶೀಟಿಗೆ ಹೋಗಿ ಕೂರುತ್ತದೆ. ಸ್ಟೀಲ್ ಅಷ್ಟೇ ಅಲ್ಲ, ಫ್ಯಾಕ್ಟರಿ ಸಂಬಳ, ಸವಕಳಿಯ ಒಂದು ಪಾಲು ಕೂಡ ಆ ಪೀಸಿನ ಜೊತೆ ಹೋಗುತ್ತದೆ. ಹಾಗಾಗಿ ಸುಮ್ನೆ ಜಾಸ್ತಿ ಹೊಡೆದ ತಿಂಗಳು ಲಾಭ ಚೆನ್ನಾಗಿಯೇ ಕಾಣುತ್ತದೆ. ಪೀಸಿಗೆ ಬೀಳುವ ಖರ್ಚೂ ಕಮ್ಮಿ ಅಂತ ರಿಪೋರ್ಟ್ ಬರುತ್ತದೆ. ಎಲ್ಲರಿಗೂ ಖುಷಿ. ಬ್ಯಾಂಕ್ ಖಾತೆಯೊಂದೇ ಸುಳ್ಳು ಹೇಳುವುದಿಲ್ಲ.

ದಾಸ್ತಾನಿನ ನಿಯಮ ಸರಳ. ಮಾಡಲು ತಗುಲಿದ ಖರ್ಚು, ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದನ್ನು ಬರೆಯಬೇಕು. ಬುಶ್ ಒಂದಕ್ಕೆ 62 ರೂಪಾಯಿ ಖರ್ಚಾಗಿತ್ತು ಅಂತ ಹಿಡಿದರೆ 1,400ಕ್ಕೆ 86,800. ಗುಜರಿಗೆ ಹಾಕಿದರೆ ಪೀಸಿಗೆ 6 ರೂಪಾಯಿ, ಒಟ್ಟು 8,400. ಉಳಿದ 78,400 ರೂಪಾಯಿ ಅವತ್ತೇ ನಷ್ಟಕ್ಕೆ ಬರೆಯಬೇಕು. ಶೇ. 30 ಕಾಂಟ್ರಿಬ್ಯೂಷನ್ ಇರುವ ಯೂನಿಟ್ ಇದನ್ನು ತುಂಬಿಕೊಳ್ಳಲು ಇನ್ನೂ 2 ಲಕ್ಷ 61 ಸಾವಿರದ ಮಾರಾಟ ತರಬೇಕು. ಉಳಿಸಿದ್ದು ಅರ್ಧ ಶಿಫ್ಟಿನ ಸೆಟ್ಟಿಂಗ್.

ಬಿನ್ ಮುಂದೆ ನಿಂತು ಈ ಲೆಕ್ಕ ಹಾಕಿದರೆ ಯಾರೂ ಮರೆಯುವುದಿಲ್ಲ. ಮೀಟಿಂಗ್ ರೂಮಿನಲ್ಲಿ ಸ್ಲೈಡ್ ಹಾಕಿ ತೋರಿಸಿದರೆ ಊಟದ ಹೊತ್ತಿಗೆ ಮರೆತಿರುತ್ತಾರೆ. ಅದಕ್ಕೇ ನಾನು ರ‍್ಯಾಕಿನ ಹತ್ತಿರವೇ ಹೋಗುವುದು.

ಸವಕಳಿ ಬಗ್ಗೆಯೂ ಒಂದು ಮಾತು. "ದುಡ್ಡೇ ಹೋಗದ ಖರ್ಚು ಯಾಕೆ ಬರೀತೀರಾ?" ಅಂತ ಕೇಳುತ್ತಾರೆ. ದುಡ್ಡು ಹೋಗಿದೆ, ಮಷಿನ್ ತಂದ ದಿನವೇ ಹೋಗಿದೆ. ಆ ದಿನ ಅದನ್ನು ಖರ್ಚು ಅಂತ ಬರೆಯಲಿಲ್ಲ, ಅಷ್ಟೇ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದೇವೆ. ಸಾಮಾನ್ಯ ಯಂತ್ರಕ್ಕೆ ಕಂಪನಿ ಕಾನೂನಿನ ಎರಡನೇ ಶೆಡ್ಯೂಲ್ 15 ವರ್ಷ ಆಯುಷ್ಯ ಕೊಡುತ್ತದೆ. 30 ಲಕ್ಷದ ವಿಎಂಸಿಗೆ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ಕೊನೆಗೆ ಶೇ. 5 ಬೆಲೆ ಉಳಿಯುತ್ತದೆ ಅಂತ ಬಿಟ್ಟರೆ ವರ್ಷಕ್ಕೆ 1 ಲಕ್ಷ 90 ಸಾವಿರ. ಎರಡು ಶಿಫ್ಟ್ ಓಡಿಸಿದ ಅವಧಿಗೆ ಅದರ ಮೇಲೆ ಶೇ. 50, ಮೂರು ಶಿಫ್ಟಿಗೆ ಶೇ. 100 ಜಾಸ್ತಿ. ಮೂರನೇ ಶಿಫ್ಟ್ ಓಡಿಸಿದರೆ ಮಷಿನ್ ಸವೆಯುತ್ತದೆ ಅಂತ ಮೇಂಟೆನೆನ್ಸ್‌ನವರು ಹೇಳುವುದನ್ನೇ ಆ ಶೆಡ್ಯೂಲ್ ಅಂಕಿಯಲ್ಲಿ ಹೇಳುತ್ತಿದೆ.

ಇದರ ಇನ್ನೊಂದು ಮಗ್ಗುಲು ಇನ್ನೂ ಮುಖ್ಯ. ಅದೇ 30 ಲಕ್ಷ ಸಾಲ ತೆಗೆದು ಐದು ವರ್ಷದಲ್ಲಿ ತೀರಿಸಬೇಕು ಅಂದರೆ ವರ್ಷಕ್ಕೆ ಅಸಲೇ 6 ಲಕ್ಷ. ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು. ಅಸಲು ಲಾಭ-ನಷ್ಟದ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಪಟ್ಟಿಯಲ್ಲಿ ಕಾಣುವ ಸವಕಳಿ 1 ಲಕ್ಷ 90 ಸಾವಿರ, ಬ್ಯಾಂಕಿನಿಂದ ಹೋಗುವ ಅಸಲು 6 ಲಕ್ಷ. ನಡುವಿನ 4 ಲಕ್ಷ 10 ಸಾವಿರ ಲಾಭದಲ್ಲೇ ಕಟ್ಟಬೇಕು. ಲಾಭ ಇದೆ, ಇನ್ನೊಂದು ಮಷಿನ್ ತರೋಣ ಅನ್ನುವವರು ಮೊದಲು ಈ ಅಂತರ ನೋಡಬೇಕು. ದುಡ್ಡು ಹೇಗೆ ಬಂತು, ಹೇಗೆ ಹೋಯಿತು ಅಂತ ಹೇಳುವ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್‌ನಲ್ಲಿ ಇದು ಎದ್ದು ಕಾಣುತ್ತದೆ. ಕೆಲಸದಿಂದ ಬಂದದ್ದು ಎಷ್ಟು, ಮಷಿನ್-ಕಟ್ಟಡಕ್ಕೆ ಹೋದದ್ದು ಎಷ್ಟು, ಸಾಲ-ಬಂಡವಾಳದಲ್ಲಿ ಬಂದುಹೋದದ್ದು ಎಷ್ಟು, ಮೂರು ಭಾಗ. ಮೊದಲ ಭಾಗ ವರ್ಷದ ಮೇಲೆ ವರ್ಷ ಮೈನಸ್ ಬರುತ್ತಿದ್ದರೆ ಲಾಭದ ಅಂಕಿ ಎಷ್ಟೇ ಚೆನ್ನಾಗಿರಲಿ, ಹುಷಾರಾಗಿರಬೇಕು.

ಡೆಬಿಟ್, ಕ್ರೆಡಿಟ್? ಕೇಳಿದವರಿಗೆ ಹೇಳುತ್ತೇನೆ, ಕೇಳದಿದ್ದರೆ ಬಿಡುತ್ತೇನೆ. ಬ್ಯಾಂಕಿನ ಮೆಸೇಜಿನಲ್ಲಿ ಕ್ರೆಡಿಟ್ ಅಂತ ಬಂದದ್ದು ನಮ್ಮ ಪುಸ್ತಕದಲ್ಲಿ ಡೆಬಿಟ್ ಯಾಕೆ ಅಂತ ಗೊಂದಲ ಇರುತ್ತದೆ. ಬ್ಯಾಂಕ್ ಬರೆಯುವುದು ಅದರ ಪುಸ್ತಕ. ನಮ್ಮ ದುಡ್ಡು ಅವರಿಗೆ ಸಾಲ, ನಮಗೆ ಆಸ್ತಿ. ಅಷ್ಟು ಗೊತ್ತಿದ್ದರೆ ಮ್ಯಾನೇಜರ್‌ಗೆ ಸಾಕು.

ಕೊನೆಯದಾಗಿ, ಗಿರಾಕಿ ಬಾಕಿಗೆ ಮತ್ತೆ ಬರುತ್ತೇನೆ. ಇದರಲ್ಲಿ ಸಣ್ಣ ಯೂನಿಟ್‌ಗಳ ಕೈಯಲ್ಲಿ ಒಂದು ಹತಾರ ಇದೆ, ಬಹಳ ಜನ ಬಳಸುತ್ತಿಲ್ಲ ಅನ್ನುವುದು ನನ್ನ ಸಂಕಟ.

2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾನೂನಿನ ಪ್ರಕಾರ, ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಯೂನಿಟ್‌ನಿಂದ ಮಾಲು ತಗೊಂಡವರು ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಲಿಖಿತ ಒಪ್ಪಂದ ಇದ್ದರೆ ಅದರಲ್ಲಿರುವ ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದದಲ್ಲಿ 90 ದಿನ ಅಂತ ಬರೆದುಕೊಂಡರೂ 45 ದಿನ ದಾಟುವ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಕೂಡುವ ಲೆಕ್ಕದಲ್ಲಿ. 2023ರ ಫೈನಾನ್ಸ್ ಆಕ್ಟ್ ಬಂದ ಮೇಲೆ, ಮೈಕ್ರೋ ಮತ್ತು ಸ್ಮಾಲ್ ಯೂನಿಟ್‌ಗಳಿಗೆ ಈ ಗಡುವಿನೊಳಗೆ ಕೊಡದ ದುಡ್ಡನ್ನು ಗಿರಾಕಿ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಆದಾಯ ತೆರಿಗೆಗೆ ಖರ್ಚು ಅಂತ ತೋರಿಸಬಹುದು. ಅದಾದ ಮೇಲೆ ಮಾರ್ಚ್ ತಿಂಗಳಲ್ಲಿ ಗಿರಾಕಿಗಳೇ ಫೋನ್ ಮಾಡಿ ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ ಅನ್ನಲು ಶುರು ಮಾಡಿದರು.

ಇಲ್ಲಿ ಸ್ಟೋರ್ಸ್, ಕ್ವಾಲಿಟಿ ಮ್ಯಾನೇಜರ್‌ಗಳ ಪಾತ್ರ ದೊಡ್ಡದು. ದಿನ ಎಣಿಸುವುದು ಮಾಲು ಒಪ್ಪಿಕೊಂಡ ದಿನದಿಂದ. ತಲುಪಿದ 15 ದಿನದೊಳಗೆ ಗಿರಾಕಿ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ದಿನ. ಹಾಗಾಗಿ ಗಿರಾಕಿ ಗೇಟಿನಲ್ಲಿ ಸೀಲ್ ಹಾಕಿಸಿದ ಇನ್‌ವಾಯ್ಸ್ ಪ್ರತಿ ನನಗೆ ಬೇಕು. ಡ್ರೈವರ್ ಸೀಟಿನ ಕೆಳಗೆ ಮಡಚಿಕೊಂಡು ಬಿದ್ದಿದ್ದರೆ ನಾನು ಯಾವ ದಿನದಿಂದ ಎಣಿಸಲಿ? ರಿಜೆಕ್ಷನ್ ಇದೆ ಅಂತ ಫೋನಿನಲ್ಲಿ ಹೇಳಿದರೆ, ಮೇಲ್ ಹಾಕಿ ಸರ್ ಅಂತ ಕ್ವಾಲಿಟಿಯವರು ಕೇಳಬೇಕು. ಹತ್ತು ಪೀಸ್ ರಿಜೆಕ್ಟ್ ಆದದ್ದಕ್ಕೆ ಇಡೀ ಇನ್‌ವಾಯ್ಸ್ ಹಿಡಿದಿಟ್ಟರೆ, ಆ ಹತ್ತರ ಬೆಲೆ ಕಳೆಯುವ ಡೆಬಿಟ್ ನೋಟ್ ಹಾಕಿ ಉಳಿದದ್ದು ಬಿಡಿ ಅಂತ ಅವತ್ತೇ ಹೇಳಬೇಕು.

ಕಾನೂನು ಹಿಡಿದು ಗಿರಾಕಿ ಮೇಲೆ ಬೀಳಲು ಎಲ್ಲರಿಗೂ ಭಯ. ಆರ್ಡರೇ ಹೋದರೆ ಅಂತ. ಅರ್ಥವಾಗುತ್ತದೆ. ಅದಕ್ಕೆ ನಮ್ಮ ಮಾರ್ಕೆಟಿಂಗ್ ಮ್ಯಾನೇಜರ್‌ಗೆ ಇನ್ನೊಂದು ದಾರಿ ತೋರಿಸಿದೆ. ಗಿರಾಕಿ ಷೇರುಪೇಟೆಯ ಲಿಸ್ಟೆಡ್ ಕಂಪನಿ ಆಗಿದ್ದರೆ ಅವರ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲೇ ಇರುತ್ತದೆ, ಪುಕ್ಕಟೆ. ಅದರಲ್ಲಿ ಟ್ರೇಡ್ ಪೇಯಬಲ್ಸ್, ಅಂದರೆ ಮಾಲು ಕೊಟ್ಟವರಿಗೆ ಕೊಡಬೇಕಾದ ಬಾಕಿ, ಅನ್ನುವ ನೋಟ್ ಹುಡುಕಬೇಕು. ಎಂಎಸ್‌ಎಂಇಗಳಿಗೆ ಕೊಡಬೇಕಾದ್ದು ಎಷ್ಟು, ಅದರಲ್ಲಿ ಇನ್ನೂ ಗಡುವು ಬಾರದ್ದು ಎಷ್ಟು, ಒಂದು ವರ್ಷದೊಳಗಿನದು ಎಷ್ಟು, ಒಂದರಿಂದ ಎರಡು ವರ್ಷದ್ದು ಎಷ್ಟು ಅಂತ ಕೋಷ್ಟಕ ಇರುತ್ತದೆ. ಕಂಪನಿ ಕಾನೂನಿನ ಶೆಡ್ಯೂಲಿಗೆ ಬಂದ 2021ರ ತಿದ್ದುಪಡಿಯಿಂದ ಇದು ಕಡ್ಡಾಯ. ಕ್ಯಾಶ್ ಫ್ಲೋ ಪುಟ ತೆಗೆದರೆ ಅವರ ಹತ್ತಿರ ದುಡ್ಡಿದೆಯೋ ಇಲ್ಲವೋ ಅದೂ ತಿಳಿಯುತ್ತದೆ. ದುಡ್ಡಿದ್ದೂ ತಡ ಮಾಡುವವರ ಹತ್ತಿರ ಮಾತಾಡುವ ರೀತಿ ಬೇರೆ, ದುಡ್ಡಿಲ್ಲದೆ ತಡ ಮಾಡುವವರಿಗೆ ಮಾಲು ಕಳಿಸುವ ಮುಂಚೆ ಯೋಚಿಸಬೇಕಾದ್ದು ಬೇರೆ.

ನಮ್ಮ ಮಾರ್ಕೆಟಿಂಗ್ ಮ್ಯಾನೇಜರ್ ಒಂದು ಶನಿವಾರ ಮಧ್ಯಾಹ್ನ ಕೂತು ನಮ್ಮ ದೊಡ್ಡ ಗಿರಾಕಿಯ ವರದಿ ಓದಿದರು. ನೋಟ್‌ಗಳ ಪುಟ ಪ್ರಿಂಟ್ ತೆಗೆದು ಹೈಲೈಟರ್ ಹಾಕಿದರು. ರೇಟ್ ಮಾತುಕತೆಗೆ ಹೋದಾಗ ರೇಟ್ ಏರಿಸಿ ಅಂತ ಕೇಳಲಿಲ್ಲ. 75 ದಿನವನ್ನು 60 ಮಾಡಿ, ಮುಂದಿನ ವರ್ಷ 45ಕ್ಕೆ ತನ್ನಿ ಅಂತ ಕೇಳಿದರು. ಗಿರಾಕಿ 60ಕ್ಕೆ ಒಪ್ಪಿದರು. 45ರ ಮಾತು ಇನ್ನೂ ನಡೆದಿದೆ.

ವಾಪಸ್ ಬಂದವರು ನನ್ನ ಟೇಬಲ್ ಮುಂದೆ ನಿಂತೇ ಲೆಕ್ಕ ಹೇಳಿದರು. "ನಿಮ್ಮ ಪಾಠದ ಆರ್ಡರ್ ಲೆಕ್ಕದಲ್ಲೇ ಹೇಳ್ತೀನಿ ಮೇಡಂ. ತಿಂಗಳಿಗೆ ಜಿಎಸ್‌ಟಿ ಸೇರಿ 11 ಲಕ್ಷ 80 ಸಾವಿರದ ಬಿಲ್ಲು. 15 ದಿನ ಅಂದ್ರೆ ಅರ್ಧ ತಿಂಗಳು. 5 ಲಕ್ಷ 90 ಸಾವಿರ ಬಾಕಿ ಸಾಲಿನಿಂದ ಬ್ಯಾಂಕಿಗೆ ಬಂದ ಹಾಗೆ, ಸರಿ ತಾನೆ?"

ಸರಿ ಇತ್ತು. ಅದರಲ್ಲಿ ಸ್ಟೀಲ್ ಅಂಗಡಿಯವರಿಗೆ ಬೇಗ ಕೊಟ್ಟರೆ ಎಷ್ಟು ಡಿಸ್ಕೌಂಟ್ ಸಿಗುತ್ತದೆ ಅಂತ ಈಗ ಪರ್ಚೇಸ್‌ನವರು ಕೇಳುತ್ತಿದ್ದಾರೆ.